ಹಂಚಿನ ಗ್ರಹ

ತೆಲಂಗಾಣ ರಾಜ್ಯವಾದ ಮರುವರ್ಷ ನಾನು ಮಕ್ತಲ್‌ನ ಅತ್ತೆಮನೆಯಲ್ಲಿ ಕುಳಿತೇ ನಾರಾಯಣಪೇಟೆಯ ಒಂದು ಸ್ಟುಡಿಯೋಗೆ ಮದುವೆ ಆಲ್ಬಮ್ ಸಿದ್ಧಮಾಡಿ ಕೊಡುತ್ತಿದ್ದೆ. ಮದುಮಗಳ ಮೊಡವೆ ಅಳಿಸಿ ಅಳಿಸಿ ಬೇಸರವಾದಾಗ, ಅದೇ ಫೋಟೋಶಾಪ್‌ನಲ್ಲಿ ಯಾರಿಗೂ ಹೇಳದೆ ಗ್ರಹಗಳನ್ನು ಮಾಡುತ್ತಿದ್ದೆ. ಕಪ್ಪು ಹಾಳೆಯ ಮೇಲೆ ಬಿಳಿ ಚುಕ್ಕೆ ಉದುರಿಸಿ, ತುಸು ಮಸುಕು ಮಾಡಿ, ಬಹುಪಾಲನ್ನು ಕತ್ತಲಿಗೆ ತಳ್ಳಿದರೆ ಉಳಿದವು ನಕ್ಷತ್ರಗಳಾಗುತ್ತಿದ್ದವು. ಗ್ರಹಕ್ಕೆ ಮಾತ್ರ ನಿಜವಾದ ಒರಟು ಮೈ ಬೇಕು. ಒಂದು ದಿನ ಅತ್ತೆಯ ರೊಟ್ಟಿ ಹಂಚನ್ನು ಬೋರಲು ಹಾಕಿ ಫೋನಿನಲ್ಲಿ ಫೋಟೋ ಹೊಡೆದೆ. ಮಸಿಯ ಪದರ, ಅದರಲ್ಲಿ ಬಿರುಕು, ಚಕ್ಕೆಯೆದ್ದ ಜಾಗ. ಅದನ್ನು ಗುಂಡಗೆ ಬಾಗಿಸಿ, ಒಂದು ಮಗ್ಗುಲಿಗೆ ನೆರಳು ಕೊಟ್ಟು, ಅಂಚಿಗೆ ತೆಳ್ಳಗೆ ನೀಲಿ ಎಳೆದಾಗ ನನಗೇ ಮೈ ಜುಮ್ಮೆಂದಿತು.

ಆ ವಾರ ನಾದಿನಿಯ ನಿಶ್ಚಿತಾರ್ಥದ ಫೋಟೋ ನೋಡಲು ಗದ್ವಾಲಿನಿಂದ ಬೀಗರು ಬಂದರು. ನಾದಿನಿ ಎಲ್ಲ ಫೋಟೋಗಳೂ ಇದ್ದ ನನ್ನ ಪೆನ್‌ಡ್ರೈವ್ ತಂದು ಟಿವಿಗೆ ಹಾಕಿದಳು. ನಾನು ಒಳಗೆ ಚಹಾ ಸೋಸುತ್ತಿದ್ದೆ. ಹೊರಬರುವಷ್ಟರಲ್ಲಿ ನಿಶ್ಚಿತಾರ್ಥದ ಫೋಟೋಗಳು ಮುಗಿದು, ಪರದೆಯ ತುಂಬ ಹಂಚು. ಪಕ್ಕದಲ್ಲಿ ತೊಳೆಯದ ಪಾತ್ರೆಗಳು. ಅದರ ಹಿಂದೆಯೇ ಗ್ರಹ ಬಂತು.

ಬೀಗತಿ ಮೆಲ್ಲಗೆ ಕೇಳಿದರು, "ಅದು ನಿಮ್ಮನಿ ಹಂಚೇನ್ರಿ?"

ನಾನು ತಟ್ಟೆ ಹಿಡಿದುಕೊಂಡೇ, ಹಂಚಿನಿಂದ ಚಂದ್ರನಂಥದ್ದು ಮಾಡಲು ಬರುತ್ತದೆ ಎಂದು ಏನೇನೋ ತೊದಲಿದೆ. ಗಂಡಿನ ತಂದೆ ಬಹಳ ಮೆಚ್ಚಿಕೊಂಡು ಇನ್ನೊಮ್ಮೆ ತೋರಿಸಲು ಹೇಳಿದರು. ಮತ್ತೆ ಹಂಚು ಬಂತು.

ಬೀಗರು ಬಸ್‌ಸ್ಟ್ಯಾಂಡಿಗೆ ಹೊರಟ ಕೂಡಲೇ ಅತ್ತೆ ಹಿತ್ತಲಿಗೆ ಹೋಗಿ, ಇಟ್ಟಿಗೆ ಚೂರು ಹಿಡಿದು ಹಂಚನ್ನು ಉಜ್ಜತೊಡಗಿದರು. ನಾನು ಉಜ್ಜುತ್ತೇನೆಂದರೆ ಬಿಡಲಿಲ್ಲ. ಮಸಿ ಅವರ ಮೊಣಕೈವರೆಗೆ ಏರಿತ್ತು.

"ಚಂದ ಕಾಣಸ್ತಂತ ಹೊಡದೀನ್ರಿ ಅತ್ತಿ," ಎಂದೆ.

"ನಿನಗ ಚಂದ ಕಂಡೈತಿ. ಅವರಿಗೆ ನನ್ನ ಅಡಗಿಮನಿ ಕಂಡೈತಿ. ಅವರ ಮನ್ಯಾಗ ನನ್ನ ಮಗಳು ರೊಟ್ಟಿ ಬಡೀಬೇಕು."

ನೀರು ತಂದು ಸುರಿಯುತ್ತ ನಿಂತೆ.

ಮದುವೆ ಸುಸೂತ್ರವಾಗಿ ನಡೆಯಿತು. ಹಂಚಿನ ಮಾತನ್ನು ಗದ್ವಾಲಿನವರು ಎತ್ತಲಿಲ್ಲ. ನಮ್ಮೆದುರಂತೂ ಎತ್ತಲಿಲ್ಲ. ನಾನು ಬಹಳ ದಿನ ಗ್ರಹಗಳ ಗೊಡವೆಗೆ ಹೋಗಲಿಲ್ಲ. ಆಮೇಲೊಮ್ಮೆ ಹಿತ್ತಲ ಗೋಡೆಯ ಸುಣ್ಣ ಪದರು ಪದರಾಗಿ ಎದ್ದಿದ್ದನ್ನು ಕಂಡು ಫೋನು ತೆಗೆದೆ. ಗೋಡೆಯ ಮುಂದೆ ಹಗ್ಗದ ಮೇಲೆ ಅತ್ತೆಯ ಸೀರೆ ಒಣಗುತ್ತಿತ್ತು. ತಿರುಗಿದರೆ ಹಿಂದೆ ಅತ್ತೆ ನಿಂತಿದ್ದರು. ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡೆ.

"ತಡಿ, ನನ್ನ ಸೀರಿ ತಗೀತೀನಿ," ಎಂದು ಅವರು ಹಗ್ಗದಿಂದ ಸೀರೆ ಎಳೆದುಕೊಂಡು ಪಕ್ಕಕ್ಕೆ ಸರಿದು ನಿಂತರು.

ಅವರ ಮುಖ ನೋಡಲು ನನಗೆ ಆಗಲಿಲ್ಲ. ಗೋಡೆಯನ್ನೇ ನೋಡುತ್ತ ಫೋಟೋ ಹೊಡೆದೆ.