ಒಂದು ಕಡೆ ಸಡಿಲ ಬಿಟ್ಟ ಕುಪ್ಪಸ

ಬೆಳಕು ಹರಿಯುವ ಮೊದಲೇ ಚನ್ನಗಿರಿಯ ಹಿಂದಿನ ಓಣಿಯಲ್ಲಿ ಹೊಲಿಗೆ ಮಿಷನ್ನು ಟರ್ರೆನ್ನುತ್ತದೆ. ಖಮರುನ್ನೀಸಾ ಎದ್ದರು ಎಂದೇ ಅರ್ಥ! ಗಂಡ ನಬೀಸಾಬ್ ಬಿಟ್ಟುಹೋದ ಆಸ್ತಿ ಅದೊಂದೇ. ದಿನಕ್ಕೆ ನಾಲ್ಕು ಕುಪ್ಪಸ, ಮದುವೆ ಕಾಲದಲ್ಲಿ ಆರೇಳು. ಮಹಾಯುದ್ಧ ಮುಗಿದರೂ ಬಟ್ಟೆಗೆ ಇನ್ನೂ ಸರ್ಕಾರದ ಕಂಟ್ರೋಲು, ಸಿಗುವುದು ಅಳೆದು ಕೊಟ್ಟಷ್ಟೇ. ಹಳೆಯದನ್ನು ಬಿಚ್ಚಿ ಹೊಲಿಯುವುದೇ ಹೆಚ್ಚು.

ಒಳಕೋಣೆಯಲ್ಲಿ ಅಳತೆಗೆ ನಿಂತ ಹೆಂಗಸರು ಗಂಡನಿಗೂ ಹೇಳದ್ದನ್ನು ಅವರಿಗೆ ಹೇಳುತ್ತಾರೆ. “ಬೂಬಮ್ಮಾ, ಒಂದು ಕಡೆ ಸೊಲ್ಪ ಸಡಿಲ ಬಿಡು” ಎಂದರೆ ಸಾಕು, ಖಮರುನ್ನೀಸಾ ಅವರಿಗೆ ಎದೆಯ ಗಡ್ಡೆಯದೇ ಭಯ.

ಮೊದಲು ಹಾಗೆ ಕೇಳಿದವಳು ಅವರ ತವರೂರು ಸೊಕ್ಕೆಯ ದುರುಗಕ್ಕ, ಬಾಲ್ಯದ ಗೆಳತಿ. “ಇಬ್ರೂ ಹುಣಿಸೆಕಾಯಿ ಕದ್ದು ತಿಂದೋರು ರೀ. ಆಕಿ ನಕ್ಕರೆ ಇಡೀ ಕೇರಿಗೆ ಕೇಳ್ತಿತ್ತು. ಎಂಥಾ ದಿನ ಅವು!” ಎನ್ನುವಾಗ ಈಗಲೂ ಅವರ ಮುಖ ಅರಳುತ್ತದೆ. ಆಕೆಯ ಎದೆಯ ಗಡ್ಡೆ ಬೆಳೆದಂತೆ ಖಮರುನ್ನೀಸಾ ಕುಪ್ಪಸದ ಹೊಲಿಗೆ ಮತ್ತೆ ಮತ್ತೆ ಬಿಚ್ಚಿದರು. ಆಸ್ಪತ್ರೆ ಎಂದರೆ ದುರುಗಕ್ಕನದು ಒಂದೇ ಮಾತು: “ಕೂಲಿ ಬಿಟ್ರೆ ಮಕ್ಳಿಗೆ ರೊಟ್ಟಿ ಎಲ್ಲಿಂದ ತರಾಕೆ?” ಕೊನೆಗೆ ಗಾಡಿಯಲ್ಲಿ ಮಲಗಿಸಿ ಒಯ್ದಾಗ ಕಾಲ ಮೀರಿತ್ತು, ದುರುಗಕ್ಕ ಉಳಿಯಲಿಲ್ಲ.

ಅದೇ ರೋಗ ಅಡಿಕೆ ಸಾಹುಕಾರರ ಹೆಂಡತಿ ಬಂಗಾರಮ್ಮನವರಿಗೂ ಬಂತು. ಡಾಕ್ಟರು ಕ್ಯಾನ್ಸರ್ ಎಂದ ವಾರದಲ್ಲೇ ಅವರು ಬೊಂಬಾಯಿಯ ದೊಡ್ಡ ಆಸ್ಪತ್ರೆಗೆ ಹೊರಟರು. ಜತೆಗೆ ತಮ್ಮ, ಅಡುಗೆಯಾಕೆ. ಒಂದು ಸ್ತನ ತೆಗೆಸಿಕೊಂಡು ಗುಣವಾಗಿ ಬಂದರು. ಊರಿಗೆ ಹೇಳಿದ್ದು ತೀರ್ಥಯಾತ್ರೆ ಎಂದು. ಒಳಗೆ ಹತ್ತಿ ಇಟ್ಟು ಕುಪ್ಪಸ ಹೊಲಿದ ಖಮರುನ್ನೀಸಾ ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟರು.

ಈ ಮಳೆಗಾಲದಲ್ಲಿ ಸೂಳೆಕೆರೆ ಕಡೆಯ ಗದ್ದೆ ಕೂಲಿಯಾಕೆ ಲಕ್ಷ್ಮಮ್ಮ ಸಡಿಲ ಕುಪ್ಪಸ ಕೇಳಿದಾಗ ಖಮರುನ್ನೀಸಾ ಕತ್ತರಿ ಕೆಳಗಿಟ್ಟರು. ಗಡ್ಡೆ ಇನ್ನೂ ಚಿಕ್ಕದು.

“ಆಸ್ಪತ್ರೆಗೆ ನಡಿಯವ್ವ.”

“ಸುಮ್ನಿರು ಬೂಬಮ್ಮ! ಕೊಯ್ಸ್ಕೊಂಡು ಉಳಿದೋರು ಯಾರವ್ರೆ? ಒಬ್ರನ್ನ ತೋರ್ಸು ನೋಡಾಣ.”

ಬಂಗಾರಮ್ಮನವರಿಗೆ ಮಾತು ಕೊಟ್ಟಾಗಿತ್ತು, ಆ ಹೆಸರು ಹೇಳುವಂತಿರಲಿಲ್ಲ. ಮರುದಿನ ಸಾಹುಕಾರರ ಹಿತ್ತಲ ಬಾಗಿಲಿಗೇ ಹೋಗಿ ಹೇಳಿದರು: “ಅಮ್ಮಾರೇ, ನಿಮ್ಮಂಥೋರು ಉಳಿದಿದ್ದು ಬಚ್ಚಿಡ್ತೀರಿ. ಜನಕ್ಕೆ ನಮ್ಮಂಥೋರು ಸತ್ತಿದ್ದೇ ಕಾಣ್ತೈತೆ.” ಬಂಗಾರಮ್ಮ ಕೆಂಡಾಮಂಡಲವಾಗಿ ಬಾಗಿಲು ಹಾಕಿಕೊಂಡರು.

ಆದರೆ ಸಂತೆಯ ದಿನ ತಾವೇ ಬಂದರು ನೋಡಿ! ಒಳಕೋಣೆಯಲ್ಲಿ ಲಕ್ಷ್ಮಮ್ಮನ ಎದುರು ನಿಂತು, ಕುಪ್ಪಸ ಬಿಚ್ಚಿ ತೋರಿಸಿದರು.

“ಅಯ್ಯೋ ಶಿವನೇ! ಇದು ನಿಮ್ಮಂಥೋರ ಮನೇಗೂ ಬರ್ತೈತಾ?”

“ಬರ್ತೈತೆ ಕಣವ್ವ. ವಾಸಿನೂ ಆಗ್ತೈತೆ” ಎಂದರು ಬಂಗಾರಮ್ಮ.

“ನಿಮಗಾದ್ರೆ ರೊಕ್ಕ ಇತ್ತು...” ಎಂದು ಲಕ್ಷ್ಮಮ್ಮ ತಲೆ ತಗ್ಗಿಸಿದಳು. ಬಂಗಾರಮ್ಮನವರ ಕಣ್ಣು ತುಂಬಿತು. “ನನ್ ಜತೆ ಬೊಂಬಾಯಿಗೆ ಬಾ, ಖರ್ಚು ನಂದು” ಎಂದರು.

ಲಕ್ಷ್ಮಮ್ಮ ಈಗ ಬೊಂಬಾಯಿಯ ಆಸ್ಪತ್ರೆಯಲ್ಲಿದ್ದಾಳೆ. ಆಪರೇಷನ್ ಆಗಿದೆ. ಮಕ್ಕಳು ಖಮರುನ್ನೀಸಾ ಅವರ ಮನೆಯಲ್ಲೇ ಉಣ್ಣುತ್ತಿವೆ. ಬಂಗಾರಮ್ಮನವರಂತೂ, ಇದನ್ನು ಪತ್ರಿಕೆಗೆ ಬರೆಯುತ್ತಿರುವ ನಮಗೆ “ನನ್ನ ಹೆಸರು ಹಾಕೇ ಬರೀರಿ” ಎಂದು ಹೇಳಿ ಕಳಿಸಿದ್ದಾರೆ.

“ನಿಮಗಿನ್ನೇನು ಬೇಕು?” ಎಂದು ನಾವು ಕೇಳಿದರೆ ಖಮರುನ್ನೀಸಾ ಸೂಜಿಗೆ ದಾರ ಪೋಣಿಸುತ್ತಾ ಹೇಳುತ್ತಾರೆ: “ಒಬ್ಬೊಬ್ರಿಗೂ ಒಬ್ಬೊಬ್ಬ ಬಂಗಾರಮ್ಮನ್ನ ಎಲ್ಲಿಂದ ತರಾಕೆ ಆಗ್ತೈತ್ರೀ? ಅಂಥಾ ಆಸ್ಪತ್ರೆ ಒಂದು ನಡ್ಕೊಂಡು ಹೋಗೋ ದೂರದಾಗೆ ಇರ್ಲಿ. ಕೈ ಹಿಡ್ದು ನಾನೇ ಕರ್ಕೊಂಡು ಹೋಗ್ತೀನಿ.”