ಕಂಪನಿ ವಾಪಸ್ ಕೇಳಿದ ರಾಡು

ಹೋದ ತಿಂಗಳು ಶಿಗ್ಗಾಂವದ ನಮ್ಮ ಮನೆಗೆ ಕಾರ್ ಕಂಪನಿಯ ಮೆಕ್ಯಾನಿಕ್ ಬಂದು ಸುದ್ದಿಯ ಬಾಂಬ್ ಹಾಕಿದ. ಬಾಡಿಗೆಗೆ ಓಡಿಸುವ ನನ್ನ ಹೊಸ ಕಾರಿನ ಸ್ಟೇರಿಂಗ್ ರಾಡು ಫ್ಯಾಕ್ಟರಿಯಲ್ಲೇ ಕೆಟ್ಟಿದೆಯಂತೆ. ಓಡುವಾಗ ಮುರಿಯಬಹುದಂತೆ. ಹೊಸದನ್ನು ಫ್ರೀಯಾಗಿ ಹಾಕಿ, ಹಳೆಯದನ್ನು ವಾಪಸ್ ಒಯ್ಯುತ್ತಾನಂತೆ!

ಮೈ ಉರಿಯಿತು. ಐದನೇ ಇಯತ್ತೆಗೇ ಶಾಲೆ ಬಿಟ್ಟು, ಲಾರಿ ತೊಳೆದು, ಲಾರಿ ಓಡಿಸಿ, ಬುಕ್ ಮಾಡಿ ವರ್ಷಗಟ್ಟಲೆ ಕಾದು ತಂದ ಕಾರು. (ಅಷ್ಟರಲ್ಲಿ ಮಾವಿನ ಗಿಡವೂ ಕಾಯಿ ಬಿಡುತ್ತಿತ್ತು.) ಅದಕ್ಕೆ ಕೆಟ್ಟ ಹೆಸರಿಡುತ್ತಾನೆಯೇ?

ಹೊಸದಾಗಿ ಮದುವೆಯಾದ ಮಗಳು ಗಿರಿಜಾಳನ್ನು ಕರೆದೊಯ್ಯಲು ಹಿರೇಕೆರೂರಿನಿಂದ ಅವಳ ಮಾವ, ನಮ್ಮ ಬೀಗರು, ಬಂದಿದ್ದರು. ಅದೇ ಕಾರಿನಲ್ಲಿ ಹೊರಡುವ ಹೊತ್ತು.

‘ಬೀಗರ, ಮೋಸ ಹೋಗಬ್ಯಾಡ್ರಿ,’ ಎಂದರು ಅವರು. ‘ಸವಣೂರ ವೀಳ್ಯದೆಲಿ ಅಂಗಡ್ಯಾಂವ ಕೊಳತ ಎಲಿ ಎಂದಾದ್ರೂ ಹೊಳ್ಳಿ ತಗೊಂಡಾನೇನ್ರಿ? ತಪ್ಪಿ ಚಲೋ ರಾಡು ಹಾಕಿಬಿಟ್ಟಾರ. ಈಗ ಹೊಟ್ಟಿ ಉರಿಯಾಕತ್ತೈತಿ!’

ನ್ಯಾಯವಾದ ಮಾತೇ ಅಲ್ಲವೇ? ನಾನೂ ತಲೆಯಾಡಿಸಿದೆ.

ಹೆಂಡತಿ ಶಾಂತವ್ವ ಮಾತ್ರ ಕಾರಿನ ಕೀಲಿಯನ್ನು ಸೆರಗಿಗೆ ಗಂಟು ಹಾಕಿದಳು. ‘ರಾಡು ಬದ್ಲಿ ಆಗೂತನಕ ನನ್ನ ಮಗಳು ಹೊಸ್ತಿಲಾ ದಾಟಂಗಿಲ್ಲ.’

ಬೀಗರು ಓಡಿಹೋಗಿ ಡ್ರೈವರ್ ಸೀಟಿನಲ್ಲಿ ಕುಳಿತು ಸ್ಟೇರಿಂಗ್ ಅಪ್ಪಿಕೊಂಡರು. ಇಳಿಯಲೇ ಇಲ್ಲ. ಪಾಪ, ಮೆಕ್ಯಾನಿಕ್ ಹಾಗೆಯೇ ಕಾರಿನಡಿ ನುಸುಳಿದ. ಮೇಲಿನಿಂದ ಗದರಿಕೆ: ‘ಏ ತಮ್ಮಾ, ಇಂಜಿನ್ನಿಗೆ ಕೈ ಹಚ್ಚಿಗಿಚ್ಚೀಯ!’

ಹೊರಬಂದ ರಾಡನ್ನು ಕೈಗೆತ್ತಿಕೊಂಡೆ. ಉಗುರು ತೂರುವಷ್ಟು ಬಿರುಕು! ಹಿಂದಿನ ದಿನವಷ್ಟೇ ಬಾಡಿಗೆಗೆ ಹಾನಗಲ್ಲಿಗೆ ಯಾರದೋ ಮದುವೆಯ ಮದುಮಕ್ಕಳನ್ನು ಕೂಡಿಸಿಕೊಂಡು ಹೋಗಿದ್ದೆ.

ಬೀಗರು ಅದನ್ನು ಕಸಿದುಕೊಂಡರು. ‘ನೋಡ್ರಿ, ಇಷ್ಟ ಸೀಳಿದ್ರೂ ಮುರದಿಲ್ಲ! ಎಂಥಾ ಗಟ್ಟಿ ಮಾಲು! ಇದನ್ನ ತಿರುಗಿ ಹಾಕಸ್ರಿ.’

‘ಹಂಗಾರ ಬೀಗರ,’ ಎಂದಳು ಶಾಂತವ್ವ, ‘ಆ ಗಟ್ಟಿ ಮಾಲು ತಗೊಂಡು ನೀವು ಬಸ್ಸಿಗೆ ಹೋಗ್ರಿ. ಗಿರಿಜಾ ಹೊಸಾ ರಾಡಿನ ಮ್ಯಾಲ ಹೋಗ್ತಾಳ.’

ಹೊರಟೇಬಿಟ್ಟರು! ರಾಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ ಸ್ಟ್ಯಾಂಡಿನ ಕಡೆ ಅವರು, ‘ಅದು ಕಂಪನಿ ಮಾಲ್ರೀ ಯಜಮಾನ್ರ’ ಎನ್ನುತ್ತ ಹಿಂದೆ ಮೆಕ್ಯಾನಿಕ್. ಆತ ಬರಿಗೈಲಿ ವಾಪಸಾದ.

ಮೊನ್ನೆ ಹಿರೇಕೆರೂರಿಗೆ ಹೋಗಿದ್ದೆ. ಬೀಗರ ದೇವರ ಜಗುಲಿಯ ಮೇಲೆ ಆ ರಾಡು. ದಿನಾ ವಿಭೂತಿ, ಹೂವು. ನನ್ನ ಕೈಯಿಂದಲೂ ಊದಿನಕಡ್ಡಿ ಬೆಳಗಿಸಿದರು. ಅಡಿಗೆಮನೆಯಲ್ಲಿ ಗಿರಿಜಾ ನಗುತ್ತ ರೊಟ್ಟಿ ಬಡಿಯುತ್ತಿದ್ದಳು.

ಅದು ದಾರಿಯಲ್ಲಿ ಮುರಿದಿದ್ದರೆ, ಆ ಜಗುಲಿಯ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಯಾರ ಫೋಟೋ ಇರುತ್ತಿತ್ತು?