ಕೊಳೆಯದ ಮರ

ಆಗ ನಾನು ಬೈಂದೂರಿನ ಹೋಟೆಲೊಂದರಲ್ಲಿ ಅಡುಗೆಗಿದ್ದೆ. ಬಣ್ಣ ಮಾಸಿದ ಪ್ಲಾಸ್ಟಿಕ್ ಕ್ರಿಸ್ಮಸ್ ಮರವನ್ನು ಎಸೆಯಲು ಹೊರಟಾಗ, ನಮಗೆ ಮೀನು ತರುವ ಉಪ್ಪುಂದದ ಮಂಜಣ್ಣ ತಡೆದರು.

"ಹ್ವಾಯ್, ಅದ್ ನಂಗ್ ಕೊಡಿ. ಸಮುದ್ರಕ್ಕೆ ಹಾಕ್ತೆ."

"ಸಮುದ್ರಕ್ಕಾ?"

"ಬೊಂಡಾಸ್ ಮೀನ್, ನೀವ್ ಸ್ಕ್ವಿಡ್ ಅಂತ್ರಲ್ಲ, ಅದ್ ಗೆಲ್ಲಿಗೆ ಮೊಟ್ಟಿ ಇಡುಕೆ ಬತ್ತ್ ಮರಾಯ್ರೆ. ತೆಂಗಿನ ಗರಿ, ಮಡ್ಲ್ ಹಾಕ್ರೆ ಕೊಳಿತ್. ಇದ್ ಕೊಳುದೇ ಇಲ್ಲೆ!"

ಅದೇ ಅಲ್ಲವೇ ತೊಂದರೆ ಅನ್ನುವಷ್ಟರಲ್ಲಿ ಮರವನ್ನು ಬೆಳ್ಳಿ ಬಣ್ಣದ ಜರಿಮಾಲೆ ಸಮೇತ ಸೈಕಲ್ಲಿಗೆ ಕಟ್ಟಿಯಾಗಿತ್ತು.

ತಿಂಗಳಾದ ಮೇಲೆ ಅವರೇ ಹಿಡಿದು ತಂದ ಬೊಂಡಾಸ್ ಸೀಳುತ್ತಿದ್ದೆ. ಹೊಟ್ಟೆಯೊಳಗೆ ಬೆರಳುದ್ದದ ಜರಿ, ಹೊಸದರ ಹಾಗೆ ಹೊಳೆಯುತ್ತಿತ್ತು! ಮಂಜಣ್ಣನನ್ನು ಕರೆದು ತೋರಿಸಿದೆ.

"ಕೊಳುದಿಲ್ಲೆ ಅಂದ್ ನಾ ಹೇಳ್ಲಿಲ್ಯಾ?" ಅವರ ಮುಖದಲ್ಲಿ ಹೆಮ್ಮೆ.

ಜರಿ ತೆಗೆದು ಸುಕ್ಕಾ ಮಾಡಿದೆ. ಗಿರಾಕಿಗಳು ಹೊಗಳಿದರು. ನಾನು ಮಾತ್ರ ಅವತ್ತು ಬೇಳೆಸಾರು ಉಂಡೆ.